ಸೆರಗು ಹೊಲಿದ ನಾಯಕಿ

ನನ್ನ ಮೊದಲ ಕಾದಂಬರಿ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಆದರೂ ಮುಖಪುಟದ ಕರಪತ್ರ ಹಿಡಿದು, ಬೇಕೆನ್ನುವವರ ಹೆಸರು ಬರೆದುಕೊಳ್ಳುತ್ತ ರೋಣದಿಂದ ಗಜೇಂದ್ರಗಡಕ್ಕೆ ಬಂದಿದ್ದೆ. ಕಥಾನಾಯಕಿ ಸೀರೆ ನೇಯುವವಳು. ಆ ಧೈರ್ಯದ ಮೇಲೆ, ಮಗ್ಗದ ಸಪ್ಪಳ ಕೇಳಿಸಿದ ಒಂದು ಮನೆಗೆ ಹೊಕ್ಕೆ.

ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತಿದ್ದ ಹೆಂಗಸು ಕರಪತ್ರ ನೋಡಿ, "ಪುಸ್ತಕ ಎಲ್ಲೈತ್ರಿ?" ಅಂದರು.

"ಮುಂದಿನ ತಿಂಗಳ ಬರ್ತೈತ್ರಿ ಅಕ್ಕಾರ."

"ಹಂಗಾರ ಒಂದೀಟು ಓದಿ ತೋರಸ್ರಿ. ನಾವೂ ಸೆರಗ ಬಿಚ್ಚಿ ತೋರಿಸದ ಸೀರಿ ಮಾರಂಗಿಲ್ಲ."

ಅವರು ಮಗ್ಗ ನಿಲ್ಲಿಸಿದರು. ನಾನು ಮೊಬೈಲ್ ತೆಗೆದು, ನನಗೆ ಬಹಳ ಇಷ್ಟವಾದ ಭಾಗವನ್ನೇ ಓದಿದೆ. ನಾಯಕಿ ಇಳಕಲ್ ಸೀರೆ ನೇಯ್ದು ಮುಗಿಸಿ, ಕಣ್ಣೀರು ಒರೆಸಿಕೊಳ್ಳುತ್ತ ಅದಕ್ಕೆ ಕೆಂಪು ಸೆರಗು ಹೊಲಿಯುತ್ತಾಳೆ.

ಅಕ್ಕಾರು ನಗಲಿಲ್ಲ. "ಈಕಿ ಯಾಕ ಅಳತಾಳ ಅಂತ ಗೊತ್ತಾತ ಬಿಡ್ರಿ. ಸೆರಗ ಯಾರರ ಹೊಲೀತಾರೇನ್ರಿ?" ಅಂದವರೇ ನನ್ನ ಕೈಗೆ ಎರಡು ಎಳೆ ಕೊಟ್ಟರು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ, ಮಗ್ಗದ ಮೇಲೆಯೇ ಕೂಡಿಸುತ್ತಾರಂತೆ. ನಾನು ಹಾಕಿದ ಕೊಂಡಿ ಮೂರು ಸಲ ಬಿಚ್ಚಿತು. ನಾಲ್ಕನೆಯದು ನಿಂತಿತು.

ಹೊರಗೆ ಬಂದು ಪ್ರಕಾಶಕರಿಗೆ ಫೋನ್ ಮಾಡಿ, ಅಚ್ಚು ಒಂದು ವಾರ ತಡೆಯಲು ಕೇಳಿಕೊಂಡೆ. ಅವರು, "ಅದಿರಲಿ, ಪ್ರಚಾರ ಹ್ಯಾಂಗ ನಡದೈತಿ?" ಅಂದರು.

"ಚಲೋ ನಡದೈತ್ರಿ. ಒಬ್ರು ಹೆಸರ ಬರಿಸ್ಯಾರ. ತಿದ್ದಿದ ಮ್ಯಾಲ ತಂದ ಕೊಡ್ರಿ ಅಂದಾರ."