ಎಡೆಗೆ ಇಟ್ಟ ಕಾರು

"ಅತ್ತೆ, ಈ ಆಟದ ಕಾರಲ್ಲಿ ಮೊದಲು ಹೋಗೋದೇ ಕೈ. ಚಕ್ರಾನ ಮೈಗೆ ಹಿಡಿದಿರುತ್ತಲ್ಲ, ಈ ಕಡ್ಡಿ. ಸಸ್ಪೆನ್ಷನ್ ಆರ್ಮ್ ಅಂತಾರೆ, ನಾವು ಕೈ ಅಂತೀವಿ. ಕಲ್ಲಿಗೆ ತಾಗಿದ್ರೆ ಪಟ್ ಅಂತ ಹೋಗುತ್ತೆ. ಕಲಾವತಿ ಮುರೀತಿದ್ಲು, ನಾನು ಹಾಕಿಕೊಡ್ತಿದ್ದೆ, ಮತ್ತೆ ಮುರೀತಿದ್ಲು. ನಿಂಗೆ ಓಡ್ಸೋಕೆ ಬರಲ್ಲ ಕಣೇ ಅಂತ ರೇಗಿಸ್ತಿದ್ದೆ. ಇದು ಅವಳು ಕೊನೇಲಿ ಮುರಿದಿದ್ದು. ಅಮಾವಾಸ್ಯೆಗೆ ಕಾರನ್ನ ಅವಳ ಎಡೆ ಮುಂದೆ ಇಡಬೇಕು. ಮುರಿದಿದ್ದು ಇಡಬಾರ್ದು ಅಂತ ನೀವೇ ಹೇಳ್ತೀರಿ. ಅದಕ್ಕೇ ಈ ಸಲ ಮುರೀದೇ ಇರೋ ಕೈ ತರ್ತೀನಿ."

ಮುನೀಂದ್ರ ನನ್ನ ಅಳಿಯ. ಕಲಾವತಿ ನನ್ನ ಮಗಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಬರಲಿಲ್ಲ. ಪುಟ್ಟೇನಹಳ್ಳಿ ಮನೇಲಿ ಈಗ ನಾವಿಬ್ಬರೇ. ರಿಮೋಟಲ್ಲಿ ಓಡೋ ಆ ಕಾರು ಅವಳದು. ಗಾರ್ಮೆಂಟ್ಸಿನ ಬೋನಸ್ಸಲ್ಲಿ ತಗೊಂಡಿದ್ದಳು. ಭಾನುವಾರ ಬಟ್ಟೆ ಒಗೆದು ಹರವಿದ ಮೇಲೆ ಕೆರೆ ಕಡೆ ಹೋಗಿ ಓಡಿಸೋಳು. ಮಾಲಯ ಅಮಾವಾಸ್ಯೆಗೆ ಸತ್ತವರಿಗೆ ಇಷ್ಟವಾದದ್ದನ್ನ ಇಡೋದು ನಮ್ಮಲ್ಲಿ ಪದ್ಧತಿ. ಅವಳಿಗೆ ಇದು ಮೊದಲನೇ ಎಡೆ.

ಕೈ ತರೋಕೆ ಆರ್.ಟಿ. ನಗರಕ್ಕೆ ಹೋದ್ವಿ. ನನಗೆ ಕಣ್ಣಿನ ಡಾಕ್ಟ್ರು ಅಲ್ಲೇ ಇದ್ದಾರೆ, ಅದಕ್ಕೆ ಜೊತೆಗೆ ಹೋದೆ. ಇಂಥ ಕಾರುಗಳ ಬಿಡಿಭಾಗ ಮಾರೋ ಅಂಗಡಿಯ ಜಿಯಾವುಲ್ಲಾ ನೈಲಾನ್ ಕೈ ತೆಗೆದಿಟ್ಟ. "ಇದನ್ನ ನೀರಲ್ಲಿ ಕುದಿಸಿ ಹಾಕಿ ಅಣ್ಣಾ."

ಮುನೀಂದ್ರ ಪೀಣ್ಯದಲ್ಲಿ ನೈಲಾನ್ ಬುಷ್ ಮಾಡೋ ಕಾರ್ಖಾನೇಲಿ ಇದ್ದಾನೆ. "ನೈಲಾನ್ ವಿಷಯ ನನಗೇ ಹೇಳ್ತೀಯಾ ಗುರು? ಕರಗಿಸೋ ನೈಲಾನ್ ಕಾಳು ಒಣಗಿಸದೆ ನಾವು ಮಿಷನ್ನಿಗೇ ಹಾಕಲ್ಲ. ನೀರು ಬಿದ್ರೆ ಮಾಲು ಕೆಟ್ಟಂಗೆ. ಅಲ್ಯೂಮಿನಿಯಂದು ಕೊಡು."

"ಕೈ ಕಾರಿಗೋ, ಜೆಸಿಬಿಗೋ?" ಅಂದ ಜಿಯಾವುಲ್ಲಾ. ಕೊಟ್ಟ.

ಮನೆಗೆ ಬಂದು ಜೋಡಿಸಿ ಬೀದೀಲಿ ಓಡಿಸಿ ನೋಡಿದ. ಕಾರು ಮೋರಿ ಚಪ್ಪಡಿಗೆ ಹೋಗಿ ಹೊಡೀತು. ಕೈಗೆ ಏನೂ ಆಗಿರಲಿಲ್ಲ. ಕೈ ಕೂರಿಸಿದ್ದ ತಳಾನೇ ಸೀಳಿತ್ತು. ಅವನು ಎತ್ತಿಕೊಂಡು ಒಳಗೆ ಬಂದ. ನಾನು ಊಟಕ್ಕೆ ಬಡಿಸಿದೆ.

ಮಾರನೇ ದಿನ ಮತ್ತೆ ಹೋಗಿ ಹೊಸ ತಳ, ನೈಲಾನ್ ಕೈ ತಂದ. ಸಂಜೆ ಒಲೆ ಹತ್ತಿರ ಬಂದು ನಿಂತ.

"ಅತ್ತೆ, ಒಂದು ಪಾತ್ರೆ ಕೊಡಿ."

ಮುದ್ದೆ ಪಾತ್ರೆ ಕೊಟ್ಟೆ. ಕುದಿಯೋ ನೀರಿಗೆ ಕೈಗಳನ್ನ ಹಾಕಿ ನೋಡ್ತಾ ನಿಂತ.

"ನೈಲಾನ್ ಮಾಡುವಾಗ ಒಣಗಿರಬೇಕು ಅತ್ತೆ. ಆಮೇಲೆ ನೀರು ಕುಡೀಬೇಕಂತೆ. ಆಗಲೇ ಬಗ್ಗೋದು, ಇಲ್ದಿದ್ರೆ ಮುರಿಯೋದು. ಪ್ಯಾಕೆಟ್ಟಿಂದ ತೆಗೆದಂಗೇ ಹಾಕಿಕೊಡ್ತಿದ್ದೆ ನಾನು. ಅವಳು ಸರಿಯಾಗೇ ಓಡಿಸ್ತಿದ್ಲು."

ನಾನು ಗ್ಯಾಸ್ ಸಣ್ಣ ಮಾಡಿದೆ.

ಅಮಾವಾಸ್ಯೆ ದಿನ ಎಲೆಗೆ ಕಜ್ಜಾಯ, ವಡೆ, ಹುರುಳಿಕಾಳು ಬಸ್ಸಾರು ಬಡಿಸಿದೆ. ಪಕ್ಕದಲ್ಲಿ ಹೊಸ ಸೀರೆ, ಸೀರೆ ಮೇಲೆ ಕಾರು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಹೊರಗೆ ಕೂತ್ವಿ. ಅಳು ಬರುತ್ತೇನೋ ಅಂತ ಕಾದೆ. ಬರಲಿಲ್ಲ. ಪಕ್ಕದ ಮನೆ ಮಿಕ್ಸಿ ತಿರುಗ್ತಾ ಇತ್ತು.

ಕಾಗೆಗೆ ಇಟ್ಟು ಬಂದ ಮೇಲೆ ಕೇಳಿದ, "ಓಡಿಸ್ಲಾ?"

"ಓಡಿಸಪ್ಪ."

ಅದೇ ಚಪ್ಪಡಿಗೆ ನೇರವಾಗಿ ಬಿಟ್ಟ. ಚಕ್ರ ಒಳಕ್ಕೆ ಮಡಚಿ ವಾಪಸ್ ಬಂತು. ಕೂತು ಕೈ ಮುಟ್ಟಿ ನೋಡಿದ. ಇನ್ನೊಂದು ಸಲ ಬಿಟ್ಟ. ಮುರೀಲಿಲ್ಲ. ಅವನು ರಿಮೋಟು ಹಿಡಿದು ಅಲ್ಲೇ ನಿಂತಿದ್ದ. ಇನ್ನು ಅವನಿಗೆ ಹಾಕಿಕೊಡೋಕೆ ಏನೂ ಉಳಿದಿರಲಿಲ್ಲ.

ನಾನು ಒಳಗೆ ಬಂದೆ. ಮುದ್ದೆ ಪಾತ್ರೆ ಸುತ್ತ ಬೋರ್‌ವೆಲ್ ನೀರಿನ ಬಿಳಿ ಕರೆ ಕಟ್ಟಿತ್ತು. ಹುಣಸೆಹಣ್ಣು ಹಚ್ಚಿ, ನಾರು ತಗೊಂಡು ಉಜ್ಜೋಕೆ ಕೂತೆ.