ಕಡದ ಕೈಗೆ ನಲವತ್ತು ಚೀಲ

ನನಗ ಮೂಗಿನ ತುದಿಮ್ಯಾಲ ಸಿಟ್ಟು ಅಂತಾರ. ಅನ್ನಲಿ. ಆ ಆಯಿತವಾರ ನಮ್ಮ ಜೋಡಿ ಆಡೋ ಅನಿಲಕುಮಾರ ಲಿಂಗಸುಗೂರಿಂದ ತಂದ ಹಾಳಿ ಓದಿದ್ರ ಯಾರಿಗಾದ್ರೂ ಮೈ ಉರೀತಿತ್ತು.

ನಾ ಜ್ಯೋತಿ, ಮಸ್ಕಿಯೊಳಗ ಝೆರಾಕ್ಸ್ ಅಂಗಡಿ ಇಟ್ಟೀನಿ. ಬಾಜೂಕ ಹಸನ್‌ಸಾಬ್ ಚಾಚಾನ ಬೆಲ್ಟು-ಬೇರಿಂಗ್ ಅಂಗಡಿ. ಆಯಿತವಾರ ಅಲ್ಲಿ ಐದು ಮಂದಿ ಕೂಡಿ ದಾಳದ ಆಟ ಆಡ್ತೀವಿ. ಆಟದಾಗ ಲೋಕ ಹಾಳಾಗಿ ಹೋಗೇತಿ, ಕಾಲುವಿ ಒಣಗ್ಯಾವ, ಉಳಿದವರು ಹಳೆ ಕಬ್ಬಿಣ ಆಯ್ದು ಬದುಕಬೇಕು. ಒಬ್ಬೊಬ್ಬರದು ಒಂದೊಂದು ಪಾತ್ರ. ಕಥಿ ನಡಸಾಂವ ಚಾಚಾ.

ಚಾಚಾ ದಾಳ ಒಗಿಯೋದು ಎಡಗೈಲೆ. ಬಲಗೈ ಹೋಗಿ ಒಂಬತ್ತು ವರ್ಷಾತು. ಸಿಂಧನೂರಾಗ ಭತ್ತ ಕೊಯ್ಯೋ ಮಷೀನು ನಡಸ್ತಿದ್ದ. ಹಸಿ ಹುಲ್ಲು ಸಿಕ್ಕೊಂಡಾಗ ಮಾಲಕ, "ತಾಸಿನ ಬಾಡಿಗಿ ಐತಿ, ಬಂದ್ ಮಾಡಬ್ಯಾಡ, ಹಂಗೇ ಜಗ್ಗು" ಅಂದ. ಚಾಚಾ ಜಗ್ಗಿದ. ಆಮ್ಯಾಲ ಆ ಪುಣ್ಯಾತ್ಮ ದವಾಖಾನಿಗೆ ಒಂದು ರಬ್ಬರ್ ಕೈ ತಂದುಕೊಟ್ಟು, "ನಂದೂ ನಿಂದೂ ಮುಗೀತು" ಅಂದು ಹೋದ. ಅವನ ಬಾಯಾಗ ಮಣ್ಣು ಬೀಳಲಿ. ಆ ಕೈ ಅಂಗಡಿ ಮೊಳಿಗೆ ಜೋತು ಬಿದ್ದೇತಿ, ಚಾಚಾ ಮಾರೋ ಬೆಲ್ಟು ಅದಕ್ಕ ತೂಗಹಾಕ್ತಾನ.

ಆಟದ್ದೊಂದು ಪುಸ್ತಕ ಮಾಡೋಣು, ಅಚ್ಚು ನಾ ಹಾಕ್ತೀನಿ, ರೇಟಿನ ಪಟ್ಟಿ ಅನಿಲ್ಯಾ ಬರೀಲಿ ಅಂತ ಮಾತಾಗಿತ್ತು. ಆಟದಾಗ ಭತ್ತದ ಚೀಲಾನೇ ರೊಕ್ಕ. ಆ ಹಾಳಿಯೊಳಗ ಅವ ಬರದಿದ್ದ: ಮೋಟರ್ ಹಚ್ಚಿದ ಉಕ್ಕಿನ ಕವಚ, ಭತ್ತದ ಚೀಲ ಮುನ್ನೂರು. ಸೈಬೋರ್ಗ್ ಕೈ, ನಲವತ್ತು.

"ಕೈ ಕಡದು ಯಂತ್ರ ಕೂಡಿಸಿಕೊಳ್ಳೋದೇ ಸಸ್ತಾ ರೀ," ಅಂದ. "ನನ್ನ ಪಾತ್ರಕ್ಕ ಇವತ್ತೇ ಹಾಕ್ರಿ."

"ಕಡದ ಕೈಗೆ ಎಷ್ಟು ಹಿಡದಿ ತಮ್ಮಾ?" ಚಾಚಾ ಕೇಳಿದ.

"ಅದಕ್ಕೇನು ಖರ್ಚು ರೀ? ಅದು ನಮ್ಮದೇ ಅಲ್ಲೇನು?"

ನಾ ಬಾಯಿ ತೆಗಿಯೋದ್ರಾಗ ಚಾಚಾ ತನ್ನ ಟವಲ್ ನನ್ನ ಕೈಗೆ ಕೊಟ್ಟ. "ಇವನ ಬಲಗೈ ಬೆನ್ನಿಗೆ ಕಟ್ಟು. ಆಟ ಮುಗಿಯೋತನ ಅದು ಹೋಗೇತಿ. ಯಂತ್ರದ ಕೈ ಗುದ್ದಾಕ ಅಷ್ಟ, ಉಣ್ಣಾಕಲ್ಲ." ಸುಳ್ಳ್ಯಾಕ ಹೇಳಲಿ, ಖುಷಿಲೆ ಬಿಗಿದು ಕಟ್ಟಿದೆ.

ನಾಕಕ್ಕ ಮಂಡಾಳ ಒಗ್ಗರಣಿ, ಮಿರ್ಚಿ ಬಂತು. ಒಂದೇ ತಾಟಿಗೆ ಸುರುವಿದ್ವಿ. ಅನಿಲ್ಯಾನ ಎಡಗೈ ತಾಟಿನ ಸನೇಕ ಬಂದು ಹಿಂದಕ್ಕ ಹೋತು. ಮಠದ ಪಂಕ್ತಿಯೊಳಗ ಉಂಡು ಬೆಳದಾಂವ, ನಾಕು ಮಂದಿ ತಾಟಿಗೆ ಎಡಗೈ ಹ್ಯಾಂಗ ಹಾಕ್ಯಾನು? ಹಸಿವಿ ತಡಿಲಿಲ್ಲ. ಗಂಟು ಜಗ್ಯಾಡಿ ಬಿಚ್ಚಿಕೊಂಡು ಗಬಗಬ ತಿನ್ನಾಕತ್ತಿದ.

"ಬಿಚ್ಚಿದಿ?" ಚಾಚಾ ಒದರಿದ. ಅವನ ಸಿಟ್ಟು ನಾ ನೋಡಿದ್ದು ಅವತ್ತೇ. "ಬಿಚ್ಚಾಕ ಬಂತಂದ್ರ ಅದು ಕವಚ. ಮುನ್ನೂರು ಬರಕೊ. ಒಂಬತ್ತು ವರ್ಷ ನಾ ಒಂದು ದಾವತ್ ಊಟಕ್ಕ ಹೋಗಿಲ್ಲ. ಎಡಗೈ ಕೂಡಿ ಉಣ್ಣೋ ತಾಟಿಗೆ ಹೋದ್ರ ಸುತ್ತ ಕುಂತವರು ಸಾಕಂತ ಏಳ್ತಾರ. ಅದನ್ನ ಯಾವ ಸಾಲಿನಾಗ ಬರದಿ?"

ಅನಿಲ್ಯಾ ತುತ್ತು ಬಾಯಾಗ ಇಟ್ಕೊಂಡು ಕುಂತ. ಬೈಯಾಕ ನಾ ಎದ್ದೆ. ನನ್ನ ಕೈಯಾಗೊಂದು ಪೇಪರ್ ಪೊಟ್ಟಣ ಇತ್ತು, ಚಾಚಾನ ಪಾಲಿನ ಒಗ್ಗರಣಿ. ಪ್ರತಿ ಆಯಿತವಾರ ನಾನೇ ಬ್ಯಾರೆ ಕಟ್ಟಿಕೊಡ್ತಿದ್ದೆ, ಅವಗ ಹಂಗೇ ಸೇರತೈತಿ ಅಂತ ತಿಳ್ಕೊಂಡು. ಯಾರಿಗೆ ಬೈಬೇಕು ತಿಳೀಲಿಲ್ಲ.

ಪೊಟ್ಟಣ ಬಿಚ್ಚಿ ತಾಟಿಗೆ ಸುರುವಿದೆ. "ಕೈ ಹಾಕು ಚಾಚಾ," ಅಂದೆ.

"ಮೊದಲು ಆ ನಲವತ್ತು ಹೊಡದು ಹಾಕಲಿ."

ಅನಿಲ್ಯಾ ಹೊಡದು ಹಾಕಿದ. "ಎಷ್ಟು ಬರೀಲಿ ರೀ?" ಅಂತ ಕೇಳಿದ.

ಆ ಸಾಲು ಖಾಲಿನೇ ಉಳೀತು. ಒಗ್ಗರಣಿ ತಾಟಿನಾಗ ಹಂಗೇ ಆರಿ ಹೋತು.