ದವಾಖಾನೆ ಮಂಜೂರಾದ ವರ್ಷ

ಧಪ್, ಧಪ್, ಧಪ್. ಮೃಗಶಿರ ಮಳೆಗೆ ಮುಂಚೆ ಆಳಂದದ ಮಾಳಿಗೆಗಳ ಮೇಲೆಲ್ಲ ಆ ಸದ್ದು ಏಳುತ್ತಿತ್ತು. ಊರ ಹೊರಗಿನ ಹಾಳು ದಿಬ್ಬದಿಂದ ಬಿಳಿಮಣ್ಣು ತಂದು, ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿಯುತ್ತಿದ್ದರು. ಆ ಮಣ್ಣು ಹಾಕಿದ ಮಾಳಿಗೆ ಸೋರುವುದಿಲ್ಲ. ಸಿಕಂದರಾಬಾದಿನ ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಬಂದ ನನಗೆ ಅದೇ ವೆಲ್‌ಕಮ್ ಬ್ಯಾಂಡು. ಕೆಳಗೆ ಮಲಗಿದವರ ಮುಖದ ಮೇಲೆ ಪುಡಿಮಣ್ಣು ಉದುರುತ್ತಿತ್ತು.

“ಕಣ್ಣ ಮುಚ್ಚು ಬೇ ಮಡಮ್ಮಾ, ಇಂಗ್ಲೀಷ್ ಕಣ್ಣಿಗಿ ನಮ್ಮೂರ ಮಣ್ಣು ಆಗಿಬರಂಗಿಲ್ಲ” ಎನ್ನುತ್ತ ಸೋದರತ್ತೆ ನನ್ನ ಮುಖಕ್ಕೆ ತನ್ನ ಸೆರಗು ಹೊದಿಸುತ್ತಿದ್ದಳು.

ಅವಳು ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಗಂಡನೂರು ಕಿಣ್ಣಿ ಸುಲ್ತಾನದಿಂದ ತವರಿಗೆ ವಾಪಸು ಬಂದವಳು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಅವಳದು. “ಇದು ನಿನಗ” ಎಂದು ಅಜ್ಜ ಬಾಯಿಮಾತಲ್ಲಿ ಕೊಟ್ಟಿದ್ದನಂತೆ. ಗಂಡ ಸತ್ತ ಹೆಂಗಸು ಹೊರಗೆ ಹೋಗಬೇಕೆಂದರೆ ಪಡಸಾಲೆಯಲ್ಲಿ ಕೂತ ಗಂಡಸರ ಮುಂದೆ ತಲೆ ತಗ್ಗಿಸಿ ದಾಟಬೇಕಾದ ಕಾಲ ಅದು. ಅತ್ತೆಗೆ ಆ ಹಂಗಿರಲಿಲ್ಲ. ಸಂಜೆ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತ, ಹೋಗುವವರನ್ನೆಲ್ಲ ಮಾತಾಡಿಸಿ ಕಳಿಸುತ್ತಿದ್ದಳು. ಇಡೀ ಮನೆಯಲ್ಲಿ ಯಾರ ಪರ್ಮಿಶನ್ನೂ ಕೇಳದ ಒಬ್ಬಳೇ ಹೆಣ್ಣು ಅವಳು.

ಲಡಾಯಿಗೆ, ಅಂದರೆ ಎರಡನೇ ಮಹಾಯುದ್ಧಕ್ಕೆ, ಸ್ವಲ್ಪ ಮುಂಚಿನ ಮಾತು. ವಕೀಲರಾಗಿದ್ದ ಅಪ್ಪ ಕಲಬುರ್ಗಿ ಕೋರ್ಟಿನಿಂದ ಒಂದು ಸುದ್ದಿ ಹೊತ್ತು ತಂದರು. ಸರ್ಕಾರ ಬರುವ ಸಾಲಿನ ಬಜೆಟ್ಟಿನಲ್ಲಿ ಆಳಂದಕ್ಕೆ ದೊಡ್ಡ ದವಾಖಾನೆ, ಹೊಸ ಕಚೇರಿ ಎರಡನ್ನೂ ಮಂಜೂರು ಮಾಡುತ್ತದಂತೆ. ಡಾಕ್ಟರು, ಕಂಪೌಂಡರು, ಗುಮಾಸ್ತರು ಸಂಸಾರ ಸಮೇತ ಬರುತ್ತಾರೆ. ಬಂದವರಿಗೆಲ್ಲ ಮನೆ ಬೇಕು.

ದವಾಖಾನೆಗೆಂದು ಇನ್ನೂ ಒಂದು ಕಲ್ಲು ಬಿದ್ದಿರಲಿಲ್ಲ, ಊರಿಗೆ ಊರೇ ಎದ್ದು ನಿಂತಿತು. ದನದ ಕೊಟ್ಟಿಗೆಗಳಿಗೆ ಅಡ್ಡಗೋಡೆ ಬಂದವು. ಬಣವೆಯ ಜಾಗದಲ್ಲಿ ಕೋಣೆ ಎದ್ದವು. ಗೋಡೆಗೆ ಆನಿಸಿ ಛಪ್ಪರ ಕಟ್ಟಿಕೊಂಡಿದ್ದ ಕೂಲಿಯವರಿಗೆ “ಬ್ಯಾರೆ ಕಡೆ ನೋಡ್ಕೋರಿ” ಎಂದರು. ಅವರು ಎಲ್ಲಿ ನೋಡಿಕೊಂಡರೋ ಯಾರೂ ವಿಚಾರಿಸಲಿಲ್ಲ. ಗೋಡೆ ಕಟ್ಟುವ ಗೌಂಡಿಗಳಿಗಂತೂ ಅಳಿಯತನದ ಉಪಚಾರ. ನಮ್ಮ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಅವ್ವನಿಗೆ ಕೂಗಿ ಹೇಳುತ್ತಿದ್ದಳು: “ನಮ್ಮ ಮನಿಯವರು ನೆಲದಾಗ ಜ್ವಾಳ ತುಂಬೂ ಹಗೇವನ್ನೂ ಕಿರಾಯಿಗಿ ಕೊಡತಾರ ನೋಡ್ರಿ ವೈನಿ! ಗುಮಾಸ್ತ ಸಣ್ಣಾಂವ ಇದ್ರ ನಿಚ್ಚಣಿಕಿ ಇಟ್ಟು ಇಳಸತಾರಂತ!”

ಮುಂದೆ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಗೆರೆ ಎಳೆದು ‘ಡಿಮಾಂಡ್’ ಎಂದರೇನೆಂದು ವಿವರಿಸಿದಾಗ ನಾನು ತಲೆ ಬಗ್ಗಿಸಿ ಕೂತಿದ್ದೆ. ಆ ಗೆರೆ ಎಷ್ಟು ನೀಟಾಗಿತ್ತು!

ಅಪ್ಪ ಒಂದು ಮುಂಜಾನೆ ಅತ್ತೆಯ ಹೊಸ್ತಿಲಿಗೆ ಬಂದು ನಿಂತರು.

“ಅಕ್ಕಾ, ಡಾಕ್ಟರಗ ಬೀದಿಗಿ ಬಾಗಲಿದ್ದ ಕ್ವಾಣಿನೇ ಬೇಕಾಗ್ತದ.”

“ನನ್ನ ಕ್ವಾಣ್ಯಾಗ ಇರ್ತಾನಂತೇನು? ಛಲೋ ಆತು ಬಿಡು, ನನ್ನ ಮಣಕಾಲ ಬ್ಯಾನಿ ಮನ್ಯಾಗೇ ನೋಡ್ಯಾನು.”

“ಮಜಾಕ್ ಮಾಡಬ್ಯಾಡ. ಹಿಂದ ಎತ್ತು ಕಟ್ಟೂ ಜಾಗಾ ಅದಲ್ಲ, ಅದನ್ನ ಸಾಫ್ ಮಾಡಿಸಿ ಕೊಡ್ತೇನಿ.”

“ಎತ್ತು?”

“ಮಾರಾಕತ್ತೇನಿ.”

ಅತ್ತೆ ಶೇಂಗಾ ಸಿಪ್ಪೆಯನ್ನು ಮೊರದಿಂದ ಬೀದಿಗೆ ಕೊಡವಿದಳು. “ಎತ್ತಾದ್ರ ಸಂತ್ಯಾಗ ತಗೋತಾರ. ನನ್ನ ಯಾರ್ ತಗೋತಾರ ತಮ್ಮಾ? ಅದಕ್ಕ ಹಿಂದ ಕಟ್ಟಾಕತ್ತಿ.”

ಅಪ್ಪ ಕೆಟ್ಟವರಲ್ಲ. ಅವ್ವ ಒಳಗೆ ಹಿಟ್ಟು ನಾದುತ್ತಲೇ ಇದ್ದಳು.

ಹಿಂದಿನ ಕೊಟ್ಟಿಗೆಗೆ ಗೋಡೆ ಸಾರಿಸಿ, ತೊಲೆ ಬದಲಿಸದೆ, ಜಂತಿ ಮಾತ್ರ ಸರಿಪಡಿಸಿದರು. ಮಾಳಿಗೆಗೆ ಮಣ್ಣು ಬೇಕೆಂದಾಗ ಬಿಳಿಮಣ್ಣು ಸಿಗಲಿಲ್ಲ. ಹೊಸ ಕೋಣೆಗಳಿಗೆಂದು ಊರವರೆಲ್ಲ ಬಗೆದು ಬಗೆದು ದಿಬ್ಬವಿದ್ದಲ್ಲಿ ಗುಂಡಿ ಬಿದ್ದಿತ್ತು. ನಮ್ಮ ಪಾಲಿಗೆ ಬಂದ ಒಂದೇ ಗಾಡಿ ಮಣ್ಣು ಡಾಕ್ಟರ ಕೋಣೆಯ ಮೇಲೆ ಹೋಯಿತು. ಅತ್ತೆಯ ತಲೆಯ ಮೇಲಕ್ಕೆ ಹೊಲದ ಕರಿ ಎರೆಮಣ್ಣು ಬಂತು. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಕುಡಿದು ಹೆಣಭಾರ ಆಗುತ್ತದೆ. ಅದನ್ನು ಮಾಳಿಗೆಗೆ ಹಾಕಬಾರದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು. “ಇದೊಂದು ಮಳಿಗಾಲ ಅಷ್ಟ. ಬರೂ ವರ್ಷ ತೆಗಸಿ ಬಿಳಿಮಣ್ಣು ಹಾಕಸ್ತೇನಿ” ಎಂದರು.

ಮುಂದಿನ ಕೋಣೆಗೆ ಸುಣ್ಣ ಬಳಿದು, ಬೀಗ ಹಾಕಿದರು.

ಆಮೇಲೆ ಲಡಾಯಿ ಶುರುವಾಯಿತು. ದವಾಖಾನೆಯ ಸುದ್ದಿ ತೆಳ್ಳಗಾಗುತ್ತ ಹೋಯಿತು. ದುಡ್ಡೆಲ್ಲ ಲಡಾಯಿಗೆ ಹೋಯಿತು ಎಂದರು ಕೆಲವರು. ಅಫಜಲಪುರದವರು ಅದು ಜೇವರ್ಗಿಗೆ ಹೋಯಿತು ಎಂದರು, ಜೇವರ್ಗಿಯವರು ಅಫಜಲಪುರಕ್ಕೆ ಎಂದರು. ಯಾರೂ ಬರಲಿಲ್ಲ. ಊರ ತುಂಬ ಸುಣ್ಣ ಬಳಿದ ಖಾಲಿ ಕೋಣೆಗಳು. ಒಳಗೆ ಇಲಿ, ಹೊರಗೆ ಬೀಗ.

ಅದೇ ವರ್ಷ ದಸರೆ ಹೊತ್ತಿನ ಮಿಕೆಲ್‌ಮಸ್ ಹಾಲಿಡೇಸಿಗೆ ನಾನು ಬಂದಾಗ ಅತ್ತೆ ಕೇಳುತ್ತಲೇ ಇದ್ದಳು: “ತಮ್ಮಾ, ಡಾಕ್ಟರ ಬರಂಗಿಲ್ಲಂದ್ರ ನನ್ನ ಕ್ವಾಣಿಗಿ ನಾ ಹೋಗ್ತೇನಿ.”

“ತಡಿ ಅಕ್ಕಾ. ಕ್ಯಾನ್ಸಲ್ ಆಗ್ಯಾದಂತ ಆರ್ಡರ್ ಎಲ್ಲಿ ಬಂದದ? ಬೀಗ ತೆಗದು ನೀ ಕುಂತಿ ಅಂದ್ರ, ಈ ಮನಿ ಖಾಲಿ ಇಲ್ಲಂತ ಸರ್ಕಾರದವರು ಬರಕೊಂಡು ಹೋಗ್ತಾರ.”

ಅಷ್ಟರಲ್ಲಿ ಹಸ್ತ ಮಳೆ ಹಿಡಿದು ಬಿಟ್ಟೇ ಇರಲಿಲ್ಲ. ನಾನು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆ. ಹಿತ್ತಲಲ್ಲಿ ಏನೋ ಮುರಿದ ಸದ್ದು, ಆಮೇಲೆ ಮೆತ್ತಗೆ ಕುಸಿದ ಸದ್ದು. ಓಡಿದೆವು. ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆಯ ಸೊಂಟದ ಮೇಲೆ ತೊಲೆ ಅಡ್ಡ ಬಿದ್ದಿತ್ತು, ಅದರ ಮೇಲೆ ಆ ಕರಿಮಣ್ಣು. ಅಪ್ಪ ಬರಿಗೈಯಿಂದ ಬಗೆದರು. ಅದು ಅಂಟಿಕೊಳ್ಳುವ ಮಣ್ಣು. ತೆಗೆದಷ್ಟೂ ಕೈಗೇ ಬರುತ್ತಿತ್ತು.

ಎಲುಬು ಕೂಡಿಸುವವನು ಬಂದು ನೋಡಿ, “ನನ್ನ ಕೈಲಿ ಆಗಂಗಿಲ್ರಿ, ಕಲಬುರ್ಗಿ ದವಾಖಾನಿಗಿ ಒಯ್ಯಿರಿ” ಎಂದ. ಬಾಡಿಗೆ ಗಾಡಿ ಬಂತು. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಗೋಣಿತಟ್ಟಿನ ಮರೆ ಕಟ್ಟಿದರು. ನಾನು ನನ್ನ ಕಾನ್ವೆಂಟಿನ ರೇನ್‌ಕೋಟು ತಂದು ಅವಳ ಕಾಲ ಮೇಲೆ ಹೊದಿಸಿದೆ. ಅವಳ ಕಾಲಿಗೆ ಅದು ಗೊತ್ತಾಗಲಿಲ್ಲ.

ನಾನು ಅವಳನ್ನು ಕಂಡದ್ದು ಅದೇ ಕೊನೆ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ಅಪ್ಪನನ್ನೇ ನೋಡುತ್ತಿತ್ತು.

“ತಮ್ಮಾ, ವಾಪಸ್ ಬಂದ್ರ ನನ್ನ ಎಲ್ಲಿ ಮಲಗಸ್ತಿ?”

“ಮುಂದಿನ ಕ್ವಾಣ್ಯಾಗ ಅಕ್ಕಾ. ನಿನ್ನ ಕ್ವಾಣ್ಯಾಗ.”

“ಡಾಕ್ಟರ ಬಂದ್ರ?”

ಅಪ್ಪ ಗಾಡಿಯ ಪಕ್ಕದ ಗೂಟ ಹಿಡಿದುಕೊಂಡು ನಿಂತಿದ್ದರು. ಗಾಡಿಯವನು ಎತ್ತಿನ ಬೆನ್ನು ತಟ್ಟಿದ. ಅತ್ತೆ ಉತ್ತರಕ್ಕೆ ಕಾಯುತ್ತ, ಕುತ್ತಿಗೆಯೊಂದನ್ನೇ ನಮ್ಮ ಕಡೆ ಹೊರಳಿಸಿಕೊಂಡು, ಕೆಸರಿನಲ್ಲಿ ಹೊರಟುಹೋದಳು.